ತಲೆ ತೆಗೆಯುವುದು ಬೇಡ

ಪತ್ತನಾಜೆ ಹತ್ತಿರ ಬಂತೆಂದರೆ ಮಂಗಳೂರಿನ ನಮ್ಮ ದೇರೆಬೈಲಿನ ಓಣಿಯಲ್ಲಿ ಮರಗಳಿಗೆ ಕೇಡುಗಾಲ. ತುಳುವರ ಬೇಸ್ಯ ತಿಂಗಳ ಹತ್ತನೆಯ ದಿನ, ಅಂದರೆ ಮೇ 24-25ರ ಹೊತ್ತಿಗೆ, ದೈವಗಳ ಕೋಲ ನೇಮಗಳು ನಿಲ್ಲುತ್ತವೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಅದೇ ವಾರ ಎಲ್ಲಿಂದಲೋ ಮೆಷಿನ್ ಗರಗಸದ ಸದ್ದು ಶುರು. ಮಳೆಗಾಲಕ್ಕೆ ಮೊದಲು ‘ಸ್ವಲ್ಪ ಹಗುರ ಮಾಡುವುದು’ ಅಂತ ಅದಕ್ಕೆ ಹೆಸರು. ಸಂಜೆ ಬಂದು ನೋಡಿದರೆ ನಿನ್ನೆಯ ಹಲಸಿನ ಮರದ ಜಾಗದಲ್ಲಿ ಒಂದು ಬೋಳು ಕಂಬ ನಿಂತಿರುತ್ತದೆ.

ಹೆದರಿಕೆಗೆ ಕಾರಣ ಇಲ್ಲವೆಂದಲ್ಲ. ಇಲ್ಲಿ ವರ್ಷಕ್ಕೆ ಬೀಳುವುದು 3,500 ಮಿಲಿಮೀಟರ್ ದಾಟುವ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಅದಕ್ಕೂ ಮೊದಲು, ಏಪ್ರಿಲ್-ಮೇ ತಿಂಗಳ ಸೆಕೆಯ ಸಂಜೆಗಳಲ್ಲಿ, ಗುಡುಗಿನ ಜೊತೆ ಬರುವ ಗಾಳಿಗೆ ಹೊತ್ತುಗೊತ್ತಿಲ್ಲ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಸಮುದ್ರದಲ್ಲೇ ದಾಟಿ ಗುಜರಾತಿನಲ್ಲಿ ನೆಲ ಮುಟ್ಟಿತು. ದೂರದಿಂದ ಹಾದುಹೋದದ್ದಕ್ಕೇ ಇಲ್ಲಿ ಮರಗಳು ಉರುಳಿದವು. ಪಕ್ಕದ ಮನೆಯ ರಾಯರಿಗೆ ನಮ್ಮ ಮಾವಿನ ಮರದ ಮೇಲೆ ಕಣ್ಣು ಬಿದ್ದದ್ದು ಆಗ.

ಅದು ಕಾಟು ಮಾವು. ಅಮ್ಮ ಮದುವೆಯಾಗಿ ಬರುವಾಗಲೇ ದೊಡ್ಡ ಮರವಂತೆ. ನಾರು ಜಾಸ್ತಿ, ಗೊರಟು ದೊಡ್ಡದು, ಕತ್ತರಿಸಿ ತಟ್ಟೆಯಲ್ಲಿಡುವ ಹಣ್ಣಲ್ಲ. ಆದರೆ ಗೊಜ್ಜಿಗೆ, ಸಾಸಿವೆಗೆ ಅದರ ಮುಂದೆ ಅಂಗಡಿಯ ಯಾವ ಹಣ್ಣೂ ನಿಲ್ಲುವುದಿಲ್ಲ.

ಈ ಮೇ ತಿಂಗಳ ಒಂದು ರಾತ್ರಿ ಬೀಸಿದ ಗಾಳಿಗೆ ತೋಳುದಪ್ಪದ ಒಣಕೊಂಬೆ ಮುರಿದು ರಾಯರ ಕಾರ್ ಶೆಡ್ಡಿನ ಶೀಟಿನ ಮೇಲೆ ಬಿತ್ತು. ಬೆಳಿಗ್ಗೆ ನಾನು ಹಾಲಿಗೆ ಹೋಗುವಾಗ ಅವರು ಗೇಟಿನಲ್ಲೇ ನಿಂತಿದ್ದರು.

“ನೋಡಿ ಮಾರಾಯ್ರೆ, ಮರ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ತಲೆ ತೆಗೆಯಿರಿ. ಅರ್ಧಕ್ಕೆ ಇಳಿಸಿ, ಸಾಕು.”

ಮರ ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು ಎಂಬುದು ರಾಯರಿಗೆ ಗೊತ್ತು; ಬ್ಯಾಂಕಿನಲ್ಲಿ ಕಾಗದಪತ್ರ ನೋಡಿಯೇ ನಿವೃತ್ತರಾದವರು. ತಲೆ ತೆಗೆದರೆ ಯಾರೂ ಕೇಳಲಿಕ್ಕೆ ಬರುವುದಿಲ್ಲ ಎಂಬುದೂ ಅವರಿಗೆ ಗೊತ್ತು.

ತಲೆ ತೆಗೆದ ಮರ ಏನಾಗುತ್ತದೆ ಅಂತ ನೋಡಲಿಕ್ಕೆ ದೂರ ಹೋಗಬೇಕಾಗಿಲ್ಲ. ಓಣಿಯ ತಿರುವಿನಲ್ಲೊಂದು ಮಳೆಮರ ಉಂಟು. ಕಡಿದ ಬಾಯಿಯಲ್ಲಿ ನೀರು ಇಳಿದು ಒಳಗೆ ಕುಂಬಾಗಿದೆ. ಸುತ್ತ ಗೊಂಚಲಾಗಿ ಎದ್ದ ಚಿಗುರುಗಳು ಈಗ ಕೊಂಬೆಗಳೇ ಆಗಿವೆ, ಆದರೆ ಅವುಗಳ ಹಿಡಿತ ತೊಗಟೆಯ ಕೆಳಗಿನ ಹೊರಪದರಕ್ಕೆ ಮಾತ್ರ. ಹುಟ್ಟುಕೊಂಬೆಯ ಬುಡ ಮರದ ಒಳಗಿನವರೆಗೆ ಹೋಗಿರುತ್ತದೆ, ಇವುಗಳದ್ದು ಇಲ್ಲ. ವರ್ಷವರ್ಷ ಉದ್ದವಾಗಿ ಭಾರವಾದಂತೆ ಬುಡದಲ್ಲಿ ಸಿಗಿದು ಬೀಳುವುದು ಇವೇ. ಹೆದರಿ ಕಡಿದವರು ಹೆದರಿಕೆಯನ್ನು ನಾಲ್ಕೈದು ವರ್ಷ ಮುಂದಕ್ಕೆ ಹಾಕಿದ್ದು ಅಷ್ಟೆ. ಇದನ್ನು ರಾಯರಿಗೆ ಹೇಳಿದೆ. “ನೀವು ಟೀಚರುಗಳಿಗೆ ಎಲ್ಲದಕ್ಕೂ ಒಂದು ಪಾಠ ಉಂಟು” ಅಂದರು.

ಮೊದಲು ನೋಡಲು ಬಂದವರು ಮರದ ಕೆಳಗೆ ನಿಂತು ಕಟ್ಟಿಗೆಯ ಲೆಕ್ಕ ಹಾಕಿದರು. ಸಾಗಹಾಕಿದೆ. ಆಮೇಲೆ ಸಿಕ್ಕಿದ್ದು ಮೂಡುಶೆಡ್ಡೆ ಕಡೆಯ ಒಬ್ಬರು, ತೆಂಗು ಅಡಿಕೆ ಹತ್ತಿ ಪಳಗಿದ ಕೈ. ಬಂದವರು ಹಗ್ಗ ಬಿಚ್ಚಲೇ ಇಲ್ಲ. ಎಲೆಯಡಿಕೆ ಹಾಕಿಕೊಂಡು ಮರಕ್ಕೆ ಸುತ್ತು ಬಂದರು, ಕತ್ತಿಯ ಬೆನ್ನಿನಿಂದ ಬೊಡ್ಡೆಗೆ ಬಡಿದು ಕಿವಿಗೊಟ್ಟರು.

“ಇಲ್ಲಿ ಟೊಳ್ಳು ಉಂಟು ಅಕ್ಕ. ಹೆದರುವಷ್ಟು ಅಲ್ಲ, ಸುತ್ತ ಗಟ್ಟಿ ಉಂಟು.”

ಬುಡದಲ್ಲಿ ಅಣಬೆ ಎದ್ದಿದೆಯಾ ನೋಡಿದರು, ಇರಲಿಲ್ಲ. ಆಮೇಲೆ ರಸ್ತೆಯ ಕಡೆ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕತೊಡಗಿದರು. ನಮ್ಮ ಗುಡ್ಡದಲ್ಲಿ ಕೆಲವು ಅಡಿ ಮಣ್ಣು ಕಳೆದರೆ ಮುರಕಲ್ಲು, ಗಟ್ಟಿ ಕೆಂಪುಕಲ್ಲು. ಬೇರು ಆಳಕ್ಕೆ ಇಳಿಯಲಾರದೆ ಅಡ್ಡಕ್ಕೆ ಹೋಗುತ್ತದೆ, ಕೊಂಬೆಯ ನೆರಳನ್ನೂ ದಾಟಿ ಹೋಗುತ್ತದೆ. ರಸ್ತೆ ಇರುವುದು ಪಡುವಣಕ್ಕೆ. ಮಳೆಗಾಲದ ಗಾಳಿ ಬರುವುದೂ ಅಲ್ಲಿಂದಲೇ, ಮರವನ್ನು ಎಳೆದು ಹಿಡಿಯಬೇಕಾದ್ದು ಆ ಬದಿಯ ಬೇರು. ಎರಡು ವರ್ಷದ ಹಿಂದೆ ಚರಂಡಿಗೆಂದು ಜೆಸಿಬಿ ಹಲ್ಲು ಹಾಕಿದ್ದೂ ಅಲ್ಲಿಯೇ. ಸಾಲದ್ದಕ್ಕೆ ತಂತಿಗೆ ತಾಗುತ್ತದೆಂದು ಪ್ರತಿವರ್ಷ ಆ ಬದಿಯ ಕೊಂಬೆಗಳನ್ನು ಮಾತ್ರ ಸವರುತ್ತಾರೆ. ಹಾಗಾಗಿ ಮರದ ಭಾರವೆಲ್ಲ ಮೂಡಣಕ್ಕೆ, ರಾಯರ ಶೆಡ್ಡಿನ ಕಡೆಗೆ ವಾಲಿತ್ತು. ರಾಯರ ಹೆದರಿಕೆ ಸುಳ್ಳಲ್ಲ; ಅವರು ಹೇಳಿದ ಮದ್ದು ಸರಿಯಿರಲಿಲ್ಲ.

“ಬೇರಿನ ಹತ್ತಿರ ಮಣ್ಣು ಬಿರುಕು ಬಿಟ್ಟಿದ್ದರೆ ನಾನೇ ಕಡಿಯಿರಿ ಅಂತ ಹೇಳ್ತಿದ್ದೆ. ಬಿರುಕು ಇಲ್ಲ. ಮೂಡಣದ್ದನ್ನು ಗಿಡ್ಡ ಮಾಡುವ, ತಲೆ ಮುಟ್ಟುವುದು ಬೇಡ.”

ಕೈಕಾಲಿಗೆ ಸೀಮೆಎಣ್ಣೆ ಸವರಿಕೊಂಡು ಹತ್ತಿದರು, ಚಗಳಿ ಇರುವೆಗಳಿಗೆ. ಆದರೂ ಮೇಲಿನಿಂದ ಆಗಾಗ ತುಳುವಿನಲ್ಲಿ ಇರುವೆಗಳ ವಂಶೋದ್ಧಾರ ಕೇಳಿಸುತ್ತಿತ್ತು.

ಮೊದಲು ಒಣಗಿದ್ದು, ಆಮೇಲೆ ಬದನಿಕೆ. ಕೆಳಗಿನಿಂದ ನೋಡಿದರೆ ಅದೂ ಮರದ ಸೊಪ್ಪೇ ಅನ್ನಿಸುತ್ತದೆ. ಹಕ್ಕಿ ಹಣ್ಣು ತಿಂದು, ಅಂಟುವ ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ. ಅದು ಅಲ್ಲೇ ಬೇರಿಳಿಸಿ ಮಾವಿನ ನೀರು ಕುಡಿದು ಬೆಳೆಯುತ್ತದೆ, ಅದರಿಂದಾಚೆಯ ಕೊಂಬೆ ಸೊರಗುತ್ತದೆ. ಸೊಪ್ಪು ಕಿತ್ತರೆ ಮತ್ತೆ ಬರುತ್ತದೆ, ಅದು ಕಚ್ಚಿದ ಗಂಟಿಗಿಂತ ಒಂದಡಿ ಒಳಗೆ ಕೊಂಬೆಯನ್ನೇ ಕಡಿಯಬೇಕು. ಶೆಡ್ಡಿನ ಮೇಲೆ ಮುರಿದು ಬಿದ್ದದ್ದು ಇಂಥದೇ ಕೊಂಬೆ.

ದೊಡ್ಡ ಕೊಂಬೆ ತೆಗೆಯುವ ಕ್ರಮ ನೋಡಲಿಕ್ಕೆ ಅಮ್ಮನೂ ಕುರ್ಚಿ ಹಾಕಿಸಿಕೊಂಡರು. ಕೊಂಬೆಗೆ ಹಗ್ಗ ಕಟ್ಟಿ, ಮೇಲಿನ ಕವಲಿಗೆ ಒಂದು ಸುತ್ತು ಹಾಕಿ, ತುದಿಯನ್ನು ಕೆಳಗಿನ ಹುಡುಗನ ಕೈಗೆ ಕೊಟ್ಟರು. ಬೊಡ್ಡೆಯಿಂದ ಸ್ವಲ್ಪ ದೂರದಲ್ಲಿ ಮೊದಲು ಅಡಿಯಿಂದ ಒಂದು ಗಾಯ, ಆಮೇಲೆ ಅದಕ್ಕಿಂತ ಆಚೆ ಮೇಲಿನಿಂದ. ಅಡಿಗಾಯ ಇಲ್ಲದಿದ್ದರೆ ಬೀಳುವ ಕೊಂಬೆ ಬೊಡ್ಡೆಯ ತೊಗಟೆಯನ್ನೇ ಸುಲಿದುಕೊಂಡು ಹೋಗುತ್ತದೆ. ಉಳಿದ ಮೋಟನ್ನು ಕೊನೆಗೆ ಕಡಿದರು. ಕೊಂಬೆಯ ಬುಡದಲ್ಲಿ ಊದಿದ, ಸುಕ್ಕುಗಟ್ಟಿದ ಒಂದು ಉಂಗುರ ಇರುತ್ತದೆ, ಅದನ್ನು ಮುಟ್ಟದೆ ಸ್ವಲ್ಪ ಹೊರಗೆ. ಗಾಯದ ಮೇಲೆ ತೊಗಟೆ ಮುಚ್ಚಿ ಬರುವುದು ಆ ಉಂಗುರದಿಂದ. ಡಾಂಬರು ಹಚ್ಚುವುದಾ ಅಂತ ಹುಡುಗ ಕೇಳಿದ್ದಕ್ಕೆ ಬೇಡವೆಂದರು. ಸರಿಯೇ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶಿಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿದ್ದೂ ಇದನ್ನೇ: ಗಾಯಕ್ಕೆ ಬಳಿಯುವ ಬಣ್ಣ ಕೊಳೆಯನ್ನು ತಡೆಯುವುದಿಲ್ಲ, ಮರವೇ ಒಳಗೆ ಗೋಡೆ ಕಟ್ಟಿಕೊಳ್ಳುತ್ತದೆ. ಈ ಅಣ್ಣನಿಗೆ ಶಿಗೊ ಗೊತ್ತಿಲ್ಲ. ಕೊಂಬೆಯ ಕೊರಳು ಎಲ್ಲಿಂದ ಶುರುವಾಗುತ್ತದೆ ಅಂತ ಗೊತ್ತು.

ಊಟಕ್ಕೆ ಇಳಿದಾಗ ಅಮ್ಮ ವಿಚಾರಿಸಿದರು. “ಇನ್ನೆಷ್ಟು ವರ್ಷ ಬರಬಹುದು?”

“ನಿಮಗೆ ಯಾಕೆ ಅಮ್ಮ ಆ ಚಿಂತೆ, ಮೂವತ್ತು ವರ್ಷಕ್ಕೆ ಮೋಸ ಇಲ್ಲ.”

“ಅಷ್ಟು ಬೇಡ. ನನ್ನನ್ನು ಕಳಿಸುವವರೆಗೆ ಬಂದರೆ ಆಯಿತು.”

ನಮ್ಮ ಕಡೆ ಚಿತೆಗೆ ಮಾವಿನ ಮರ. ಹಳೆ ಹಿತ್ತಿಲುಗಳಲ್ಲಿ ಮರವೊಂದು ಉಳಿದಿದ್ದರೆ ಮನೆಯ ಹಿರಿಯರ ಹೆಸರಿನಲ್ಲಿಯೇ ಉಳಿದಿರುವುದುಂಟು. ಅಮ್ಮ ತನ್ನದೆಂದು ತೋರಿಸಿದ್ದು ಇದನ್ನು, ಊರಿನವರೆಲ್ಲ ವಿದ್ಯುತ್ ಚಿತಾಗಾರಕ್ಕೆ ಹೋಗುವ ಕಾಲದಲ್ಲೂ. ಅಣ್ಣ ನಕ್ಕು ಮಜ್ಜಿಗೆ ಕುಡಿದರು.

ಮಧ್ಯಾಹ್ನದ ಮೇಲೆ ಮೋಡ ಕಟ್ಟಿತು. ಕೆಲಸ ನಿಲ್ಲಿಸಿದರು, ಒದ್ದೆ ಕೊಂಬೆಯ ಮೇಲೆ ಕಾಲಿಡುವುದಿಲ್ಲ ಅಂತ. ಅಷ್ಟರಲ್ಲಿ ಮರದ ಕಾಲು ಭಾಗ ಸೊಪ್ಪೂ ಹೋಗಿರಲಿಲ್ಲ, ಆದರೆ ವಾಲು ಕಡಿಮೆಯಾದದ್ದು ಕಣ್ಣಿಗೇ ಕಾಣುತ್ತಿತ್ತು. ಹೊರಡುವಾಗ ಬುಡದ ಇಂಟರ್‌ಲಾಕ್ ತೋರಿಸಿದರು. ಮನೆ ರಿಪೇರಿಯ ಗುತ್ತಿಗೆದಾರ ಬೊಡ್ಡೆಗೆ ಒತ್ತಿಯೇ ಹಾಸಿ ಹೋಗಿದ್ದ. ಅದಕ್ಕೆಂದು ನೆಲವನ್ನು ದಮ್ಮಾಸು ಹಾಕಿ ಗಟ್ಟಿ ಮಾಡಿರುತ್ತಾರಲ್ಲ, ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಎಬ್ಬಿಸಿ, ಕಡಿದ ಸೊಪ್ಪನ್ನೇ ಅಲ್ಲಿ ಹರಡಿ, ಬೊಡ್ಡೆಗೆ ತಾಗಿಸಬೇಡಿ ಅಂದರು. ಮೇಸ್ತ್ರಿಗೆ ಫೋನು ಮಾಡಿದರೆ “ಹಾಕಿದ್ದನ್ನು ಯಾಕೆ ತೆಗೆಯುವುದು, ಕೆಸರಾಗುವುದಿಲ್ವಾ?” ಅಂತ ಅವರಿಗೇ ಬೇಜಾರು. ನಾಗಬನದ ಮರಗಳನ್ನೂ ತೆಗೆದು ಕಾಂಕ್ರೀಟ್ ಹಾಕುವ ಊರಿನಲ್ಲಿ ನಮ್ಮ ಅಂಗಳದ ಮಣ್ಣಿನ ಪರ ಯಾರು ಮಾತಾಡಬೇಕು?

ಸಂಜೆ ರಾಯರು ಬಂದರು. ಮರವನ್ನು ನೋಡಿದರು, ಶೆಡ್ಡನ್ನು ನೋಡಿದರು. ತಲೆ ಹಾಗೆಯೇ ಉಂಟಲ್ಲ ಅಂದರು. ಬಿದ್ದರೆ ಶೆಡ್ಡಿನ ಖರ್ಚು ನನ್ನದು ಅಂತ ಬರೆದು ಕೊಡಬೇಕಂತೆ. ಬರೆದೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಪ್ರತಿವರ್ಷ ಪತ್ತನಾಜೆಗೆ ಮೊದಲು ಮರ ನೋಡಿಸಲಾಗುವುದು, ಆಗ ರಾಯರೂ ಹಾಜರಿರತಕ್ಕದ್ದು.

ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

“ಕೂಲಿಯಲ್ಲಿ ಅರ್ಧ ನಾನು ಕೊಡಬೇಕು ಅಂತ ಇದರಲ್ಲಿ ಎಲ್ಲಿಯೂ ಇಲ್ಲವಲ್ಲ?”

“ಇಲ್ಲ.”

“ಹಾಗಾದರೆ ಅಡ್ಡಿಲ್ಲ” ಅಂತ ಮಡಚಿ ಕಿಸೆಗೆ ಹಾಕಿಕೊಂಡರು.