ಮಗುಚದೇ ಉಳಿದ ಉಂಗುರ

ಕಳೆದ ವರ್ಷ ಆಷಾಢದ ಒಂದು ಮಧ್ಯಾಹ್ನ. ಊಟ ಮುಗಿಸಿ ಬಂದು ಕೂತಿದ್ದೆ. ಪಕ್ಕದ ಲ್ಯಾಬಿನ ಸಹೋದ್ಯೋಗಿಯೊಬ್ಬರು ಒಂದು ಅಣುವಿನ ಎನ್‌ಎಂಆರ್ ಪ್ರಿಂಟ್ (ಅಣುವಿನ ಹೈಡ್ರೋಜನ್‌ಗಳು ಕಾಂತಕ್ಷೇತ್ರದಲ್ಲಿ ಕೊಡುವ ಸಿಗ್ನಲ್‌ಗಳ ನಕ್ಷೆ) ತಂದು ನನ್ನ ಮೇಜಿನ ಮೇಲೆ ಹರಡಿದರು. ಒಂದು ಕಡೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದ್ದರು. "ಇದು ಓಎಚ್ ಹೊತ್ತಿರೋ ಕಾರ್ಬನ್ನಿನ ಹೈಡ್ರೋಜನ್. ಎಷ್ಟು ಅಗಲ ಇದೆ ನೋಡಿ. ನೀವು ಕೊಟ್ಟ ಆಕಾರವೇ ನಿಜ ಅಂದ್ರೆ ಇದು ಇಷ್ಟು ಅಗಲ ಬರೋ ಹಾಗಿಲ್ಲ" ಅಂದರು.

ಇಬ್ಬರೂ ಸ್ಕೇಲ್ ಇಟ್ಟು ಅಳೆದೆವು. ಆ ಸಿಗ್ನಲ್ಲಿನ ಈ ತುದಿಯಿಂದ ಆ ತುದಿಗೆ 30 ಹರ್ಟ್ಸ್ ಹತ್ತಿರ. ಅದು ಒಡೆದ ಗೆರೆಗಳ ನಡುವಿನ ದೊಡ್ಡ ಅಂತರ 11 ಹರ್ಟ್ಸ್. ಆ ಅಣು ಯಾವ ಆಕಾರದಲ್ಲಿರುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನಾನೊಂದು ವರದಿ ಕೊಟ್ಟಿದ್ದೆ. ಅದರಲ್ಲಿನ ಆಕಾರದಿಂದ ಲೆಕ್ಕ ಹಾಕಿದರೆ ಯಾವ ಅಂತರವೂ 3 ಹರ್ಟ್ಸ್ ಸುತ್ತಮುತ್ತ ದಾಟುವಂತಿರಲಿಲ್ಲ, ಇಡೀ ಗುಂಪು 12ರೊಳಗೆ ಮುದುಡಿಕೊಂಡಿರಬೇಕಿತ್ತು. ವರದಿ ಹೋಗಿ ಆಗಲೇ ಒಂದು ವಾರ. ಅದನ್ನು ನಂಬಿಕೊಂಡು ಇನ್ನಿಬ್ಬರು ಮುಂದಿನ ಅಣುವಿನ ಯೋಚನೆ ಶುರು ಮಾಡಿದ್ದರು.

ನಾನಿರುವುದು ಮಂಡ್ಯದಲ್ಲಿ. ಬೆಳಗಿನ ರೈಲಿನಲ್ಲಿ ಮೈಸೂರಿಗೆ ಬಂದು, ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಸಂಶೋಧನಾ ಕಂಪನಿಯಲ್ಲಿ ಕಂಪ್ಯೂಟರ್ ಮುಂದೆ ರಸಾಯನಶಾಸ್ತ್ರ ಮಾಡುತ್ತೇನೆ. ನನ್ನ ಕೆಲಸದ ಮುಕ್ಕಾಲು ಪಾಲು ಕನ್ಫಾರ್ಮರ್ ಹುಡುಕಾಟ. ಯಾವ ಬಂಧವೂ ಮುರಿಯದೆ, ಏಕಬಂಧಗಳ ಸುತ್ತ ತಿರುಗಿ ಒಂದೇ ಅಣು ತಾಳುವ ಬೇರೆ ಬೇರೆ ಭಂಗಿಗಳೇ ಕನ್ಫಾರ್ಮರ್‌ಗಳು. ಮನುಷ್ಯ ಅದೇ, ಚಕ್ಕಂಬಕ್ಕಳ ಹಾಕಿ ಕೂತರೆ ಒಂದು, ಮಂಡಿಯೂರಿ ಕೂತರೆ ಇನ್ನೊಂದು. ಅಣುವಿಗೆ ಪ್ರತಿ ಭಂಗಿಗೂ ಒಂದೊಂದು ಶಕ್ತಿ. ಕಡಿಮೆ ಶಕ್ತಿಯ ಭಂಗಿಯಲ್ಲಿ ಅದು ಹೆಚ್ಚು ಹೊತ್ತು ಇರುತ್ತದೆ. ಔಷಧವಾಗಿ ಪ್ರೋಟೀನಿಗೆ ಹೇಗೆ ಕೂರುತ್ತದೆ, ಎನ್‌ಎಂಆರ್‌ನಲ್ಲಿ ಹೇಗೆ ಕಾಣುತ್ತದೆ, ಹರಳಾದಾಗ ಹೇಗೆ ಜೋಡಿಸಿಕೊಳ್ಳುತ್ತದೆ, ಎಲ್ಲವೂ ಅಲ್ಲಿಂದಲೇ ಶುರು.

ಬ್ಯೂಟೇನ್ ನೋಡಿ, ನಾಲ್ಕೇ ಕಾರ್ಬನ್. ಚಾಚಿಕೊಂಡ ಆಂಟಿ ರೂಪಕ್ಕಿಂತ ಬಾಗಿದ ಗೌಶ್ ರೂಪ ಮೋಲ್‌ಗೆ ಸುಮಾರು 0.9 ಕಿಲೋಕ್ಯಾಲರಿ ಮೇಲಿದೆ. ಗೌಶ್ ಎಡಕ್ಕೊಂದು, ಬಲಕ್ಕೊಂದು, ಒಟ್ಟು ಎರಡು. ಹಾಗಾಗಿ ಕೋಣೆಯ ಉಷ್ಣತೆಯಲ್ಲಿ 100 ಅಣುಗಳಲ್ಲಿ ಸುಮಾರು 70 ಆಂಟಿ, 30 ಗೌಶ್. ಇಷ್ಟು ಸರಳ ಅಣುವಿನಲ್ಲೇ "ಅತಿ ಕಡಿಮೆ ಶಕ್ತಿಯ ರೂಪ" ಅಂತ ಒಂದನ್ನೇ ಹೇಳಿ ಸುಮ್ಮನಾದರೆ 30 ಮಂದಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ ಅಂತಾಯಿತು.

ನನ್ನ ಕೈಯಲ್ಲಿದ್ದ ಅಣು ಇದಕ್ಕಿಂತ ದೊಡ್ಡದು. ಅದರ ಹೆಸರು ಇಲ್ಲಿ ಹೇಳುವಂತಿಲ್ಲ, ಆಕಾರ ಹೇಳಬಹುದು. ಆರು ಕಾರ್ಬನ್ನಿನ ಒಂದು ಉಂಗುರ. ಅದಕ್ಕೊಂದು ಓಎಚ್. ನಡುವೆ ಒಂದು ಕಾರ್ಬನ್ ಬಿಟ್ಟು, ಅದೇ ಮಗ್ಗುಲಿಗೆ ಒಂದು ಉದ್ದ ಬಾಲ. ಬಾಲದ ಮಧ್ಯೆ ಒಂದು ಅಮೀನ್ ಸಾರಜನಕ. ತಿರುಗುವ ಬಂಧಗಳು ಏಳು. ಒಂದೊಂದಕ್ಕೂ ಮೂರು ನಿಲುವು ಅಂದರೆ 2,187 ಭಂಗಿ.

ನಾನು ಅವತ್ತು ಬಳಸಿದ ಪ್ರೋಗ್ರಾಂ ಈ ಏಳು ಬಂಧಗಳನ್ನು ಒಂದೊಂದಾಗಿ ತಿರುಗಿಸಿ, ಪ್ರತಿ ಭಂಗಿಯನ್ನೂ ಫೋರ್ಸ್ ಫೀಲ್ಡಿನಲ್ಲಿ (ಬೇಗ ಮುಗಿಯುವ, ಒರಟು ಶಕ್ತಿಲೆಕ್ಕ) ಹತ್ತಿರದ ಕಡಿಮೆ ಶಕ್ತಿಗೆ ಇಳಿಸಿ, ಶಕ್ತಿಯ ಪ್ರಕಾರ ಪಟ್ಟಿ ಮಾಡುವಂಥದ್ದು. ಪಟ್ಟಿಯ ತಲೆಯಲ್ಲಿದ್ದ ಭಂಗಿ ನೋಡಿ ಖುಷಿಯಾಗಿತ್ತು. ಬಾಲ ಮಡಿಸಿಕೊಂಡು ಬಂದು ಉಂಗುರದ ಓಎಚ್ ಮೇಲೆ ಬಾಗಿದೆ. ಓಎಚ್‌ನ ಹೈಡ್ರೋಜನ್ನಿಗೂ ಸಾರಜನಕಕ್ಕೂ ನಡುವೆ ಪರದೆಯ ಮೇಲೆ ಚುಕ್ಕಿ ಗೆರೆ, 1.9 ಆಂಗ್‌ಸ್ಟ್ರಾಂ. ಅಚ್ಚುಕಟ್ಟಾದ ಹೈಡ್ರೋಜನ್ ಬಂಧ. ನೋಡಿದ ಯಾರಿಗಾದರೂ ಇದೇ ಸರಿ ಅನ್ನಿಸುತ್ತದೆ. ಡಿಎಫ್‌ಟಿ (ಕ್ವಾಂಟಮ್ ವಿಧಾನದ, ಹೆಚ್ಚು ನಿಖರವಾದ, ದುಬಾರಿ ಲೆಕ್ಕ) ಹಾಕಿದೆ, ಅಲ್ಲೂ ಅದೇ ಮೊದಲು. ವರದಿ ಬರೆದೆ.

ಪ್ರಿಂಟ್ ನೋಡಿದ ಮೇಲೆ ಅದೇ ಚಿತ್ರವನ್ನು ಮತ್ತೆ ತೆರೆದೆ. ಈ ಸಲ ಬಾಲ ಬಿಟ್ಟು ಉಂಗುರವನ್ನು ನೋಡಿದೆ. ಕುರ್ಚಿ ಆಕಾರದ ಉಂಗುರ. ಓಎಚ್ ಮತ್ತು ಬಾಲ ಎರಡೂ ಆಕ್ಸಿಯಲ್, ಅಂದರೆ ಉಂಗುರದ ಮೇಲೆ ಕಂಬದ ಹಾಗೆ ನೆಟ್ಟಗೆ ನಿಂತಿವೆ. ಪಟ್ಟಿಯ ಎರಡನೆಯದು ತೆರೆದೆ, ಅದರಲ್ಲೂ ಹಾಗೇ. ಹತ್ತನೆಯದು, ಐವತ್ತನೆಯದು, ಕೊನೆಯದು: ಎಲ್ಲವೂ ಹಾಗೇ. ನೂರಾರು ಭಂಗಿಗಳಲ್ಲಿ ಬಾಲ ನೂರಾರು ಥರ ಬಳುಕಿದೆ, ಉಂಗುರ ಮಾತ್ರ ಒಂದೇ ಕುರ್ಚಿ. ನಾನು ಬರೆದ ಚಿತ್ರವನ್ನು ಪ್ರೋಗ್ರಾಂ ಮೊದಲ ಸಲ ಮೂರು ಆಯಾಮಕ್ಕೆ ಏರಿಸಿದಾಗ ಯಾವ ಕುರ್ಚಿ ಬಂತೋ ಅದೇ ಕೊನೆಯವರೆಗೂ ಉಳಿದಿತ್ತು. ಏಕಬಂಧ ತಿರುಗಿಸುವ ಹುಡುಕಾಟ ಉಂಗುರವನ್ನು ಮುಟ್ಟುವುದಿಲ್ಲ. ಆ ವಿಷಯ ಕೈಪಿಡಿಯಲ್ಲೇ ಇತ್ತು, ನಾನು ಓದಿಯೂ ಇದ್ದೆ. ಈ ಅಣುವಿನ ಮುಂದೆ ಕೂತಾಗ ನೆನಪಿಗೆ ಬರಲಿಲ್ಲ, ಅಷ್ಟೇ.

ಸೈಕ್ಲೋಹೆಕ್ಸೇನ್ ಉಂಗುರ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಮಗುಚಲು ದಾಟಬೇಕಾದ ದಿಬ್ಬ ಮೋಲ್‌ಗೆ 10–11 ಕಿಲೋಕ್ಯಾಲರಿ. ಕೋಣೆಯ ಉಷ್ಣತೆಯಲ್ಲಿ ಅದು ಸೆಕೆಂಡಿಗೆ ಲಕ್ಷ ಸಲದ ಮಟ್ಟದಲ್ಲಿ ಮಗುಚುತ್ತಿರುತ್ತದೆ. ಸೀಸೆಯೊಳಗಿನ ಅಣು ಒಂದು ಸೆಕೆಂಡಿನಲ್ಲಿ ಲಕ್ಷ ಸಲ ಮಾಡುವ ಕೆಲಸವನ್ನು ನನ್ನ ಲೆಕ್ಕ ಒಂದು ಸಲವೂ ಮಾಡಿರಲಿಲ್ಲ. ಆಕ್ಸಿಯಲ್, ಈಕ್ವಟೋರಿಯಲ್ ಅನ್ನುವುದು ಬಿಎಸ್ಸಿಯಲ್ಲೇ ಓದುವ ಪಾಠ. ಈ ಕುರ್ಚಿಗಳ ತಿಳಿವಳಿಕೆಗಾಗಿಯೇ ಆಡ್ ಹ್ಯಾಸೆಲ್ ಮತ್ತು ಡೆರೆಕ್ ಬಾರ್ಟನ್ ಅವರಿಗೆ 1969ರಲ್ಲಿ ನೊಬೆಲ್ ಬಂತು. ಉಂಗುರ ಮಗುಚಿದರೆ ನನ್ನ ಅಣುವಿನ ಎರಡು ಕಂಬಗಳೂ ಪಕ್ಕಕ್ಕೆ ಚಾಚಿ ಈಕ್ವಟೋರಿಯಲ್ ಆಗುತ್ತವೆ, ಓಎಚ್ ಹೊತ್ತ ಕಾರ್ಬನ್ನಿನ ಹೈಡ್ರೋಜನ್ ನೆಟ್ಟಗೆ ನಿಲ್ಲುತ್ತದೆ. ನೆಟ್ಟಗೆ ನಿಂತ ಹೈಡ್ರೋಜನ್ ಪಕ್ಕದ ನೆಟ್ಟಗಿನ ಹೈಡ್ರೋಜನ್‌ಗಳ ಜೊತೆ 10–12 ಹರ್ಟ್ಸ್ ಜಗ್ಗಾಡುತ್ತದೆ. ಸಹೋದ್ಯೋಗಿ ತೋರಿಸಿದ ಅಗಲ ಅದೇ.

ಇಲ್ಲಿ ನಮ್ಮ ಗದ್ದೆಯ ವಿಷಯ ಹೇಳಬೇಕು. ವಿಶ್ವೇಶ್ವರಯ್ಯ ನಾಲೆಯ ನೀರು ಬಿಟ್ಟಾಗ ಅಪ್ಪ ಗುದ್ದಲಿ ಹಿಡಿದು ಬದುವಿನ ಮೇಲೆ ನಡೆಯುತ್ತಿದ್ದರು. ನೀರು ತಗ್ಗಿಗೆ ಹರಿಯುತ್ತೆ ಅನ್ನುವುದು ನಿಜ. ಆದರೆ ಊರಿನಲ್ಲೇ ತಗ್ಗಾದ ಜಾಗ ಯಾವುದೆಂದು ಅದು ಹುಡುಕಿಕೊಂಡು ಹೋಗುವುದಿಲ್ಲ, ಹತ್ತಿರದ ತಗ್ಗಿನಲ್ಲಿ ನಿಂತುಬಿಡುತ್ತದೆ. ಬದು ಒಡೆದರೆ ಮಾತ್ರ ಮುಂದಿನ ಮಡಿಗೆ. ಜ್ಯಾಮಿತಿ ಆಪ್ಟಿಮೈಸೇಶನ್ ಅನ್ನುವುದೂ ಇದೇ. ಕೊಟ್ಟ ಜಾಗದಿಂದ ಕೆಳಕ್ಕೆ ಮಾತ್ರ ಇಳಿಯುತ್ತದೆ. "ಕನ್ವರ್ಜ್ ಆಯಿತು" ಅಂತ ಬಂದರೆ ನೀರು ಎಲ್ಲೋ ಒಂದು ಕಡೆ ನಿಂತಿತು ಅಂತ ಅರ್ಥ, ಅದಕ್ಕಿಂತ ಹೆಚ್ಚೇನೂ ಇಲ್ಲ.

ಸಂಜೆಯ ರೈಲು ಬಿಟ್ಟು ಅಂದೇ ಕೂತೆ. ಆರ್‌ಡಿಕಿಟ್ ಅನ್ನುವ ರಸಾಯನಶಾಸ್ತ್ರದ ಸಾಫ್ಟ್‌ವೇರಿನಲ್ಲಿ ಇಟಿಕೆಡಿಜಿ ಅನ್ನುವ ವಿಧಾನವಿದೆ, 2015ರಲ್ಲಿ ಬಂದದ್ದು. ಪರಮಾಣುಗಳ ನಡುವಿನ ದೂರಗಳನ್ನು ಪ್ರತಿ ಸಲ ಹೊಸದಾಗಿ ಯಾದೃಚ್ಛಿಕವಾಗಿ ಎಸೆದು, ಹರಳುಗಳಲ್ಲಿ ನಿಜಕ್ಕೂ ಕಂಡ ತಿರುಚು ಕೋನಗಳ ಕಡೆಗೆ ತಿದ್ದಿ ಭಂಗಿ ಕಟ್ಟುತ್ತದೆ. ಹಾಗಾಗಿ ಉಂಗುರವೂ ಎರಡೂ ಕುರ್ಚಿಯಲ್ಲಿ ಬರುತ್ತದೆ. ಸಾವಿರ ಭಂಗಿ ಕಟ್ಟಿಸಿ ಇಳಿಸಿದೆ. ಈಗ ಈಕ್ವಟೋರಿಯಲ್ ಭಂಗಿಗಳು ಬಂದವು. ಆದರೆ ತಲೆಯಲ್ಲಿ ಮತ್ತೆ ಅದೇ ಮಡಿಸಿದ ಬಾಲ, ಅದೇ ಚುಕ್ಕಿ ಗೆರೆ! ಚಾಚಿಕೊಂಡ ಈಕ್ವಟೋರಿಯಲ್ ಭಂಗಿಗಳಲ್ಲಿ ಮೊದಲನೆಯದು ಅದಕ್ಕಿಂತ 4.2 ಕಿಲೋಕ್ಯಾಲರಿ ಮೇಲೆ.

ಒಪ್ಪಿಕೊಳ್ಳುತ್ತೇನೆ, ಆ ರಾತ್ರಿ ಒಂದು ಕ್ಷಣ ನನ್ನ ವರದಿಯೇ ಸರಿ, ಎನ್‌ಎಂಆರ್ ಓದಿದ್ದರಲ್ಲೇ ಏನೋ ಎಡವಟ್ಟಾಗಿರಬೇಕು ಅನ್ನಿಸಿತು. ಬೆಳಿಗ್ಗೆ ಹೋಗಿ ಹಾಗೆ ಹೇಳುವವನಿದ್ದೆ. ಹೇಳುವ ಮೊದಲು ಒಂದು ಮಾತು ಕೇಳಿದ್ದು ಒಳ್ಳೆಯದಾಯಿತು: "ಯಾವ ದ್ರಾವಕದಲ್ಲಿ ತೆಗೆದಿರಿ?"

"ಡ್ಯೂಟರೇಟೆಡ್ ಮೆಥನಾಲ್."

ನನ್ನ ಲೆಕ್ಕದಲ್ಲಿ ಅಣು ನಿರ್ವಾತದಲ್ಲಿತ್ತು. ಸುತ್ತ ಏನೂ ಇಲ್ಲ. ಅಂಥ ಕಡೆ ಓಎಚ್‌ಗೆ ಹೈಡ್ರೋಜನ್ ಬಂಧ ಬೇಕೆಂದರೆ ಸಿಗುವುದು ತನ್ನದೇ ಸಾರಜನಕ, ಆದ್ದರಿಂದ ಮೈ ಮಡಿಸಿಕೊಳ್ಳುತ್ತದೆ. ಎರಡು ಗುಂಪುಗಳನ್ನು ಉಂಗುರದ ಮೇಲೆ ಒತ್ತೊತ್ತಾಗಿ ನಿಲ್ಲಿಸುವ ಕಷ್ಟವನ್ನೂ ಆ ಒಂದು ಬಂಧಕ್ಕಾಗಿ ಸಹಿಸಿಕೊಳ್ಳುತ್ತದೆ. ಮೆಥನಾಲಿನಲ್ಲಿ ಸುತ್ತಲೂ ಬಂಧ ಕೊಡುವವರು, ತೆಗೆದುಕೊಳ್ಳುವವರು ತುಂಬಿರುವಾಗ ಹಾಗೆ ಮುದುಡಿಕೊಂಡು ಇರಬೇಕಾದ ಅಗತ್ಯವೇ ಇಲ್ಲ. ಓಎಚ್ ಗುಂಪುಗಳಿರುವ ಉಂಗುರಗಳ ವಿಷಯದಲ್ಲಿ ಇದು ಹಳೆಯ ಸಂಗತಿ. ಸಿಸ್-1,3-ಸೈಕ್ಲೋಹೆಕ್ಸೇನ್‌ಡಯಾಲ್ ಕೂಡ ಧ್ರುವೀಯತೆ ಕಡಿಮೆಯಿರುವ ದ್ರಾವಕದಲ್ಲಿ ಒಳಗಿನ ಹೈಡ್ರೋಜನ್ ಬಂಧಕ್ಕಾಗಿ ಆಕ್ಸಿಯಲ್ ಕಡೆ ವಾಲುತ್ತದೆ, ಧ್ರುವೀಯ ದ್ರಾವಕದಲ್ಲಿ ವಾಪಸ್ ಈಕ್ವಟೋರಿಯಲ್ ಆಗುತ್ತದೆ.

ಸರಿ, ದ್ರಾವಕ ಸೇರಿಸೋಣ ಅಂತ ಪಟ್ಟಿಯಲ್ಲಿದ್ದ ಭಂಗಿಗಳನ್ನೇ ತೆಗೆದುಕೊಂಡು ಮೆಥನಾಲ್ ಮಾದರಿಯಲ್ಲಿ ಶಕ್ತಿ ಮತ್ತೆ ಲೆಕ್ಕ ಹಾಕಿದೆ. ಏನೂ ಬದಲಾಗಲಿಲ್ಲ. ಈ ಘಟ್ಟ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ಕಾರಣ ಹುಡುಕಲು ಅರ್ಧ ದಿನ ಬೇಕಾಯಿತು. ಡಿಎಫ್‌ಟಿಗೆ ಕಳಿಸುವ ಮೊದಲು ಪಟ್ಟಿಯನ್ನು ಕತ್ತರಿಸುವ ಮಿತಿಯನ್ನು, ಸಮಯ ಉಳಿಸಲೆಂದು, ನಾನು 3 ಕಿಲೋಕ್ಯಾಲರಿಗೆ ಇಟ್ಟಿದ್ದೆ. 4.2ರಲ್ಲಿದ್ದ ಈಕ್ವಟೋರಿಯಲ್ ಭಂಗಿ ಆ ಬಾಗಿಲಲ್ಲೇ ಹೊರಗೆ ಹೋಗಿತ್ತು. ದ್ರಾವಕ ಬಂದ ಮೇಲೆ ಗೆಲ್ಲಬೇಕಾದವನು ಸ್ಪರ್ಧೆಯಲ್ಲೇ ಇರಲಿಲ್ಲ. ಉಳಿದವರಷ್ಟನ್ನೇ ಎಷ್ಟು ದುಬಾರಿ ವಿಧಾನದಲ್ಲಿ ತೂಗಿದರೂ ಬಿಸಾಡಿದ್ದು ವಾಪಸ್ ಬರುವುದಿಲ್ಲ. ಫೋರ್ಸ್ ಫೀಲ್ಡಿನ ಲೆಕ್ಕ ಒಂದೆರಡು ಕಿಲೋಕ್ಯಾಲರಿ ಆಚೀಚೆ ಆಗುವುದು ಸಾಮಾನ್ಯ. ಕೋಣೆಯ ಉಷ್ಣತೆಯಲ್ಲಿ 1.4 ಕಿಲೋಕ್ಯಾಲರಿ ವ್ಯತ್ಯಾಸ ಅಂದರೆ ಹತ್ತಕ್ಕೆ ಒಂದರ ಅನುಪಾತ. ಅಷ್ಟು ಒರಟು ತಕ್ಕಡಿಯಲ್ಲಿ ತೂಗಿ ಅಷ್ಟು ಬಿಗಿಯಾಗಿ ಕತ್ತರಿಸಬಾರದಿತ್ತು.

ಮೂರನೆಯ ಸಲ ಮೊದಲಿನಿಂದ ಮಾಡಿದೆ. ಜರ್ಮನಿಯ ಬಾನ್‌ನ ಗ್ರಿಮ್ಮೆ ಅವರ ತಂಡದ ಕ್ರೆಸ್ಟ್ ಪ್ರೋಗ್ರಾಮಿನಲ್ಲಿ ಮೆಟಾಡೈನಾಮಿಕ್ಸ್ ನಡೆಸಿ ಹುಡುಕುವ ಏರ್ಪಾಡಿದೆ. ಅಣು ಒಮ್ಮೆ ನಿಂತ ತಗ್ಗಿಗೆ ಮಣ್ಣು ಸುರಿದು ತುಂಬುತ್ತಾ ಹೋಗುತ್ತದೆ, ಮತ್ತೆ ಅಲ್ಲೇ ನಿಲ್ಲಲು ಬಿಡದೆ ಮುಂದಿನ ಮಡಿಗೆ ತಳ್ಳುತ್ತದೆ. ಗದ್ದೆಯಲ್ಲಿ ಬೆಳೆದ ನನಗೆ ಇದು ಓದಿದ ಕೂಡಲೇ ಮನಸ್ಸಿಗೆ ಹಿಡಿಸಿತ್ತು. ಅದರ ರೂಢಿಯ ಮಿತಿ 6 ಕಿಲೋಕ್ಯಾಲರಿ, ಈ ಸಲ ಮುಟ್ಟಲಿಲ್ಲ. ಮೆಥನಾಲ್ ಮಾದರಿಯನ್ನು ಹುಡುಕಾಟದ ಮೊದಲ ಹೆಜ್ಜೆಯಿಂದಲೇ ಹಾಕಿದೆ. ಬಂದ ಭಂಗಿಗಳನ್ನು ಓರ್ಕಾ ಅನ್ನುವ ಪ್ರೋಗ್ರಾಮಿನಲ್ಲಿ ಡಿಎಫ್‌ಟಿಗೆ ಕೊಟ್ಟೆ. ಈಕ್ವಟೋರಿಯಲ್ ಕುರ್ಚಿ, ಚಾಚಿದ ಬಾಲ ಮೊದಲ ಸ್ಥಾನಕ್ಕೆ ಬಂತು, ಮಡಿಸಿದ್ದು 2 ಕಿಲೋಕ್ಯಾಲರಿ ಮೇಲಕ್ಕೆ ಹೋಯಿತು. ಎಲ್ಲ ಭಂಗಿಗಳನ್ನೂ ಅವುಗಳ ಪಾಲಿನ ಪ್ರಕಾರ ಕೂಡಿಸಿ ಹರ್ಟ್ಸ್ ಲೆಕ್ಕ ಹಾಕಿದಾಗ 10.8. ಆ ಪ್ರಿಂಟ್ ಅನ್ನು ನಾನೇ ತೆಗೆದುಕೊಂಡು ಹೋಗಿ ಸಹೋದ್ಯೋಗಿಯ ಮುಂದೆ ಇಟ್ಟೆ. ವರದಿಯನ್ನು ಅವತ್ತೇ ಹಿಂಪಡೆದು, ಅದನ್ನು ನಂಬಿದ್ದ ಇಬ್ಬರಿಗೂ ಎದುರು ಕೂತು ಹೇಳಿದೆ. ಮೇಲ್‌ನಲ್ಲಿ ಹೇಳುವ ವಿಷಯ ಅದಲ್ಲ ಅನ್ನಿಸಿತು.

ಆಮೇಲೆ ನನ್ನ ವರದಿಯ ಮೊದಲ ಪುಟ ಬದಲಾಗಿದೆ. ಹಿಂದೆ ಅಲ್ಲಿ ಒಂದು ಚಿತ್ರ, ಒಂದು ಅಂಕಿ ಇರುತ್ತಿತ್ತು. ಈಗ ಯಾವ ದ್ರಾವಕ, ಯಾವ ಯಾವ ವಿಧಾನದಲ್ಲಿ ಹುಡುಕಿದೆ, ಎಷ್ಟು ಬೇರೆ ಆರಂಭಗಳಿಂದ, ಮಿತಿ ಎಷ್ಟು, ಮೊದಲ ಭಂಗಿ ಎಷ್ಟು ಸಲ ತಾನಾಗಿ ಸಿಕ್ಕಿತು ಅನ್ನುವುದು ಮೊದಲು. ಚಿತ್ರ ಆಮೇಲೆ. ಒಂದೇ ಸಲ ಸಿಕ್ಕ "ಅತಿ ತಗ್ಗಿನ" ಭಂಗಿಯನ್ನು ನಾನು ನಂಬುವುದಿಲ್ಲ. ಬೇರೆ ಬೇರೆ ದಿಕ್ಕಿನಿಂದ ಹೊರಟ ಹುಡುಕಾಟಗಳು ಮತ್ತೆ ಮತ್ತೆ ಅಲ್ಲಿಗೇ ಬಂದರೆ ಮಾತ್ರ ಧೈರ್ಯ.

ಕೆಆರ್‌ಎಸ್‌ನಲ್ಲಿ ನೀರು ಎಷ್ಟಿದೆ ಅಂತ ನಮ್ಮ ಕಡೆ ದಿನಾ ಪೇಪರಿನಲ್ಲಿ ನೋಡುತ್ತೇವೆ. ಪೂರ್ತಿ ಮಟ್ಟ 124.80 ಅಡಿ. ಆ ಸೊನ್ನೆ ಎಲ್ಲಿದೆ ಅನ್ನುವುದು ಬದಲಾಗದ್ದರಿಂದ ಇವತ್ತಿನ ಅಂಕಿಯನ್ನು ಕಳೆದ ವರ್ಷದ್ದರ ಜೊತೆ ಹೋಲಿಸಬಹುದು. ಕನ್ಫಾರ್ಮರ್ ಪಟ್ಟಿಯ ಸೊನ್ನೆ ಹಾಗಲ್ಲ. ಇದುವರೆಗೆ ಸಿಕ್ಕವುಗಳಲ್ಲಿ ತಗ್ಗಿನದನ್ನೇ ಸೊನ್ನೆ ಅಂತ ಇಟ್ಟುಕೊಂಡಿರುತ್ತೇವೆ. ನಾಳೆ ಅದಕ್ಕಿಂತ ತಗ್ಗಿನದೊಂದು ಸಿಕ್ಕರೆ ಪಟ್ಟಿಯ ಪ್ರತಿ ಅಂಕಿಯೂ ಬದಲಾಗುತ್ತದೆ. ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. 1990ರಲ್ಲಿ 17 ಕಾರ್ಬನ್ನಿನ ಬರೀ ಒಂದು ಉಂಗುರ, ಸೈಕ್ಲೋಹೆಪ್ಟಾಡೆಕೇನ್, ತೆಗೆದುಕೊಂಡು ಹಲವು ಹುಡುಕಾಟ ವಿಧಾನಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರು. ತಗ್ಗಿನಿಂದ 3 ಕಿಲೋಕ್ಯಾಲರಿಯೊಳಗೇ 262 ಭಂಗಿಗಳು ಸಿಕ್ಕವು. ಓಎಚ್ ಇಲ್ಲ, ಬಾಲ ಇಲ್ಲ, ಕಾರ್ಬನ್ ಮತ್ತು ಹೈಡ್ರೋಜನ್ ಮಾತ್ರ.

ಈ ವಾರ ನನ್ನ ಮೇಜಿನ ಮೇಲಿರುವುದು 14 ಸದಸ್ಯರ ಉಂಗುರವಿರುವ ಅಣು. ಸಹೋದ್ಯೋಗಿ ಸ್ಯಾಂಪಲ್ ಹಾಕುವ ಮೊದಲೇ ಬಂದು, "ಕ್ಲೋರೋಫಾರ್ಮ್‌ನಲ್ಲಿ ತೆಗೀತೀನಿ, ಬರ್ಕೊಳ್ಳಿ" ಅಂತ ಹೇಳಿ ಹೋದರು. ಬರೆದುಕೊಂಡಿದ್ದೇನೆ. ಆರ್‌ಡಿಕಿಟ್ ಕಡೆಯಿಂದ ಹೊರಟ ಹುಡುಕಾಟ ಒಂದು ಭಂಗಿಯನ್ನು ಮೊದಲು ತಂದಿದೆ, ಕ್ರೆಸ್ಟ್ ಇನ್ನೊಂದನ್ನು. ಎರಡಕ್ಕೂ ಅರ್ಧ ಕಿಲೋಕ್ಯಾಲರಿ ವ್ಯತ್ಯಾಸ. ಬೇರೆ ಆರಂಭದಿಂದ ಮೂರನೆಯದನ್ನು ಹಚ್ಚಿ ಸಂಜೆಯ ರೈಲು ಹತ್ತಿದ್ದೇನೆ. ವರದಿ ಯಾವಾಗ ಅಂತ ಕೇಳಿದವರಿಗೆ ಇನ್ನೂ ದಿನ ಹೇಳಿಲ್ಲ.