ಆ ಆಡಿಯೋ ಮುಂದೆ ಕಳಿಸುವ ಮೊದಲು

"ಲಸಿಕೆಯಿಂದಲೇ ಮಗುವಿಗೆ ಹೀಗಾಯ್ತು" ಎಂಬ ಆಡಿಯೋ ಅಪಾರ್ಟ್‌ಮೆಂಟ್ ಗ್ರೂಪಿಗೆ ಬಂತೇ? ಯಾವ ಲಸಿಕೆ, ಎಷ್ಟು ಹೊತ್ತಿನ ಮೇಲೆ ಅಂತ ಕೇಳಿ. ತೀವ್ರ ಅಲರ್ಜಿ ಸಾಮಾನ್ಯವಾಗಿ ನಿಮಿಷಗಳಲ್ಲೇ ಕಾಣುತ್ತದೆ. ಚುಚ್ಚಿಸಿದ ಮೇಲೆ ಅರ್ಧ ಗಂಟೆ ಕೂರಿಸುವುದು ಅದಕ್ಕೇ. ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆಯ ಜ್ವರ ಒಂದೆರಡು ದಿನದೊಳಗೆ. ದಡಾರ-ರುಬೆಲ್ಲಾ ಲಸಿಕೆಯ ಜ್ವರ, ಗಂಧೆ ಮಾತ್ರ ತಡ, ಸುಮಾರು 7ರಿಂದ 12 ದಿನ: ಅದರ ದುರ್ಬಲಗೊಳಿಸಿದ ವೈರಸ್ ಮೈಯಲ್ಲಿ ಬೆಳೆಯಬೇಕಲ್ಲ. ಕ್ಷಯ ತಡೆಯುವ ಬಿಸಿಜಿ ಲಸಿಕೆ ಹಾಕಿದ ಎಡತೋಳಿನ ಗುಳ್ಳೆ ವಾರಗಳ ನಂತರ ಒಡೆದು, ಒಣಗಿ, ಕಲೆಯಾಗುತ್ತದೆ. ಅದು ಸಹಜ.

ಸಮಯ ಹೊಂದಿದರೂ ಕಾರಣ ಸಾಬೀತಾಗದು. ಆ ವಯಸ್ಸಿನ ಕೂಸುಗಳಿಗೆ ಬೇರೆ ಕಾಯಿಲೆಯೂ ಬರುತ್ತದೆ. ಹಾಗಂತ ನಿಜವಾಗಿ ನೊಂದವರನ್ನು ಸುಳ್ಳುಗಾರರೆನ್ನಬೇಡಿ. ಮಗುವನ್ನು ವೈದ್ಯರಿಗೆ ತೋರಿಸಿ, ತಾಯಿ ಕಾರ್ಡ್, ಬ್ಯಾಚ್ ನಂಬರ್ ಹಿಡಿದು ಆಶಾ ಕಾರ್ಯಕರ್ತೆಗೆ ಅಥವಾ ಉಚಿತ ಸಹಾಯವಾಣಿ 1800-180-3024ಕ್ಕೆ ತಿಳಿಸಲು ಹೇಳಿ.