ಬಂಡೀಪುರ: ಬೇಲಿಯ ಈಚೆ

ಹುಲಿ ಕಾಣಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜುಲೈ ಕೊನೆಯಲ್ಲಿ ಹೋಗಿದ್ದೆವು. ಸಫಾರಿ ಬಸ್ಸಿನಲ್ಲಿ ಅರ್ಧ ಜನ ಫೋನ್ ಹಿಡಿದು ನಿಂತೇ ಇದ್ದರು, ಕಂಡಿದ್ದು ಮಾತ್ರ ಜಿಂಕೆ, ನವಿಲು, ಒಂದಿಷ್ಟು ಮುಸುವ, ಮತ್ತೆ ದಾರಿಯುದ್ದಕ್ಕೂ ಲಂಟಾನ. ಆ ಪೊದೆ ಎಷ್ಟು ಹಬ್ಬಿದೆ ಅಂದರೆ ಹತ್ತಡಿ ಆಚೆ ಆನೆ ನಿಂತಿದ್ದರೂ ಗೊತ್ತಾಗಲ್ಲ.

ಮಾರನೇ ದಿನ ಸಫಾರಿ ಸಾಕು ಅಂತ ಹಂಗಳದಲ್ಲಿ ತಿರುಗಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದೆವು. ಕೆಳಗೇ ಗಾಡಿ ಬಿಟ್ಟು ಸರ್ಕಾರಿ ಬಸ್ ಹತ್ತಬೇಕು. 1454 ಮೀಟರ್ ಎತ್ತರ, ಮೇಲೆ ಬರೀ ಮಂಜು. ದೇವರ ದರ್ಶನವಾಯಿತು, ಅಷ್ಟೇ.

ಮನಸ್ಸು ನಿಂತಿದ್ದು ಕೆಳಗಿನ ಹೊಲಗಳಲ್ಲಿ. ಈ ತಿಂಗಳುಗಳಲ್ಲಿ ಗುಂಡ್ಲುಪೇಟೆ ಕಡೆ ಎಲ್ಲಿ ನೋಡಿದರೂ ಚೆಂಡುಹೂ, ಸೂರ್ಯಕಾಂತಿ. ಜನ ಸೆಲ್ಫಿಗೆ ಮುಗಿಬೀಳುತ್ತಾರೆ. ಅದನ್ನು ದಾಟಿ ಕಾಡಂಚಿನ ಮಣ್ಣುದಾರಿಯಲ್ಲಿ ಸುಮ್ನೆ ನಡೆದರೆ ಸೋಲಾರ್ ಬೇಲಿ, ಅದರ ಪಕ್ಕ ಮರದ ಮೇಲೊಂದು ಅಟ್ಟಣೆ. ದಾರಿ ಮಧ್ಯೆ ಆನೆ ಲದ್ದಿ ಬಿದ್ದಿತ್ತು. ಒಂದು ಸಗಣಿ ಹುಳ ತನಗಿಂತ ದೊಡ್ಡ ಉಂಡೆ ಮಾಡಿಕೊಂಡು, ತಲೆ ಕೆಳಗಾಗಿ, ಹಿಂಗಾಲಲ್ಲಿ ತಳ್ಳುತ್ತಾ ಹೊರಟಿತ್ತು. ಅದು ಹೆಜ್ಜೆಗುಳಿಗೆ ಜಾರುವುದು, ಮತ್ತೆ ಹತ್ತುವುದು. ಕಾಲು ಗಂಟೆ ಅಲ್ಲೇ ಕೂತುಬಿಟ್ಟೆವು.

ಹೊಲದ ಯಜಮಾನರು ಬಂದರು. "ಆನೆ ದಿನಾ ಬರ್ತವಾ ಅಣ್ಣ?" ಅಂದೆ.

"ಬತ್ತವೆ ಕನಪ್ಪ. ಚೆಂಡುಹೂವ ಮುಟ್ಟಾಕಿಲ್ಲ, ಬಾಳೆ ಕಂಡ್ರೆ ಬುಡಾಕಿಲ್ಲ."

ಸಂಜೆ ಕೆರೆಯಂಚಲ್ಲಿ ಮೂರು ಸೀಳುನಾಯಿ. ಕೆಂಪು ಮೈ, ಕಪ್ಪು ಬಾಲ. ಒಂದು ನಮ್ಮನ್ನೇ ನೋಡಿತು, ಇನ್ನೊಂದು ಶಿಳ್ಳೆ ಹೊಡೆದಂತೆ ಸದ್ದು ಮಾಡಿತು, ಮೂರೂ ಪೊದೆಯೊಳಗೆ ಮಾಯ. ಫೋನ್ ಜೇಬಿನಲ್ಲೇ ಇತ್ತು.

ಮೇಲುಕಾಮನಹಳ್ಳಿ ಹತ್ತಿರ ಉಳಿದಿದ್ದೆವು. 2009ರಿಂದ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್, ಕೆಲವು ಬಸ್ಸು, ಆಂಬುಲೆನ್ಸ್ ಬಿಟ್ಟರೆ. ಆ ಗೇಟು ಮುಚ್ಚಿದ ಮೇಲಿನ ನಿಶ್ಶಬ್ದ ಕೇಳಿಯೇ ನೋಡಬೇಕು! ಎರಡು ಗಂಟೆ ಹೊತ್ತಿಗೆ ದೂರದಲ್ಲಿ ಪಟಾಕಿ ಸಿಡಿಯಿತು, ಯಾರೋ ಕೂಗಿದರು, ನಾಯಿಗಳು ಬೊಗಳಿದವು. ಆಮೇಲೆ ನಿದ್ದೆ ಹತ್ತಲಿಲ್ಲ.

ಹೊರಡುವ ಮುಂಚೆ ಆ ಹೊಲಕ್ಕೆ ಇನ್ನೊಮ್ಮೆ ಹೋದೆವು. ನಾಲ್ಕು ಬಾಳೆಗಿಡ ಸೀಳಿ ಬಿದ್ದಿದ್ದವು. ಯಜಮಾನರು ಅಟ್ಟಣೆ ಮೇಲೆ ಕಂಬಳಿ ಹೊದ್ದು ಮಲಗಿದ್ದರು, ಪಕ್ಕದಲ್ಲಿ ಟಾರ್ಚು ಇನ್ನೂ ಉರಿಯುತ್ತಿತ್ತು. ಎಬ್ಬಿಸದೆ ವಾಪಸ್ ಬಂದೆವು.